ಕುಂಚಿಗೆಯ ಮುಂದೆ ಕಂಪೋಷರ್

ನನಗೆ ಬರುವ ಇಂಗ್ಲಿಷ್ ಶಬ್ದಗಳಲ್ಲಿ ಅರ್ಧ ಬೆಲೆಗೆ ಸೇರಿದವು, ಇನ್ನರ್ಧ ಬಣ್ಣ ಮತ್ತು ಅಳತೆಗೆ. ಈ ಎರಡೂ ಗುಂಪಿಗೆ ಸೇರದ, ಆದರೂ ನನ್ನ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡುವ ಒಂದೇ ಒಂದು ಶಬ್ದವಿದೆ: ಕಂಪೋಷರ್. ಮನಸ್ಸು ಒಳಗೆ ಕುಣಿಯುತ್ತಿದ್ದರೂ ಕಣ್ಣು, ಕೈ, ದನಿ ಮೂರನ್ನೂ ಹಿಡಿತದಲ್ಲಿ ಇಟ್ಟುಕೊಳ್ಳುವುದಕ್ಕೆ ಇಂಗ್ಲಿಷಿನವರು ಇಟ್ಟಿರುವ ಹೆಸರು ಅದು. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಕಲಿಸುವುದು ಲೆಕ್ಕವನ್ನಲ್ಲ, ಈ ಶಬ್ದವನ್ನು. ಅಂಥ ನಾನು ಈಚೆಗೆ ಗೋವಾದ ಮಾಪ್ಸಾ ಪೇಟೆಯಲ್ಲಿ, ಒಂದು ಹಳೆಯ ರೇಡಿಯೋದ ಮುಂದೆ ನಿಂತು, ಅದನ್ನು ಪೂರ್ತಿಯಾಗಿ ಕಳೆದುಕೊಂಡೆ. ನೆನೆಸಿಕೊಂಡರೆ ಈಗಲೂ ಅಂಗೈ ಬೆವರುತ್ತದೆ! ಆ ಕಥೆ ಹೇಳಲೆಂದೇ ಕುಳಿತಿದ್ದೇನೆ. ಆದರೆ ಶಬ್ದ ನನಗೆ ಸಿಕ್ಕದ್ದು ಹೇಗೆ ಎಂದು ಮೊದಲು ಹೇಳದಿದ್ದರೆ ಉಳಿದದ್ದು ರುಚಿಸುವುದಿಲ್ಲ.

ನಮ್ಮವ್ವ ವಿಜಯಪುರದ ಕಡೆಯಿಂದ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಗೋವಾಕ್ಕೆ ಬಂದವಳು. ಅಪ್ಪ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಕಲಂಗುಟ್ ದಂಡೆಯ ಮೇಲೆ ಬಟ್ಟೆ, ಸರ, ಕಾಲುಚೈನು ಮಾರುತ್ತಿದ್ದಳು. ನಾನು ಲಂಗ ಎತ್ತಿಕಟ್ಟಿ ಅವಳ ಹಿಂದೆ ಓಡುತ್ತ ಬೆಳೆದೆ. ಹರೆಯಕ್ಕೆ ಬಂದಾಗ ನನ್ನದೇ ಗಂಟು, ನನ್ನದೇ ಗಿರಾಕಿ, ನನ್ನದೇ ಬಾಯಿ. ಆ ಬಾಯಿ ಮಾತ್ರ ಸ್ವಲ್ಪ ದೊಡ್ಡದಿತ್ತು.

ಒಂದು ದಿನ ಗಂಡಹೆಂಡತಿ ಇಬ್ಬರು ಪ್ರವಾಸಿಗಳು ನನ್ನ ಹತ್ತಿರ ಕನ್ನಡಿ ಕೂರಿಸಿದ ಹಾಸಿಗೆ ಹೊದಿಕೆಯೊಂದನ್ನು ನೋಡುತ್ತಿದ್ದರು. ಹೆಂಡತಿ ಅದನ್ನು ಹೆಗಲಿಗೆ ಹಾಕಿಕೊಂಡೂ ಆಗಿತ್ತು. ಅಷ್ಟರಲ್ಲಿ ನಮ್ಮ ಓಣಿಯ ಹೆಂಗಸೇ ಒಬ್ಬಳು ನಡುವೆ ಬಂದು, ಅಂಥದ್ದೇ ಹೊದಿಕೆ ಬಿಚ್ಚಿ, ನನಗಿಂತ ಕಡಿಮೆ ಹೇಳಿದಳು. ನನ್ನ ತಲೆ ಗಿರ್ರೆಂದಿತು. ಕನ್ನಡದಲ್ಲಿ ಶುರು ಮಾಡಿ, ಕೊಂಕಣಿಯಲ್ಲಿ ಏರಿಸಿ, ಹಿಂದಿಯಲ್ಲಿ ಮುಗಿಸಿದೆ. ಮುಗಿಸಿ ನೋಡುತ್ತೇನೆ, ಗಂಡಹೆಂಡತಿ ನೀರಿನ ಅಂಚಿನಲ್ಲಿ ದೂರಕ್ಕೆ ನಡೆದು ಚುಕ್ಕಿಯಾಗಿದ್ದಾರೆ. ಅವಳಿಗೂ ಇಲ್ಲ, ನನಗೂ ಇಲ್ಲ.

ಪಕ್ಕದ ಶ್ಯಾಕಿನ, ಅಂದರೆ ದಂಡೆಯ ಗುಡಿಸಲು ಹೋಟೆಲಿನ, ಕುರ್ಚಿಯಲ್ಲಿ ಬಿಳಿ ಕೂದಲಿನ ಮೇಡಂ ಒಬ್ಬರು ಕುಳಿತಿದ್ದರು. ಪ್ರತಿ ಚಳಿಗಾಲ ಬರುವವರು, ಅವರ ದೇಶದಲ್ಲಿ ಶಾಲೆ ಕಲಿಸಿ ನಿವೃತ್ತರಾದವರು. ಅವರು ಪುಸ್ತಕದಿಂದ ತಲೆಯೆತ್ತಿ, ಮೆಲ್ಲಗೆ, ನೀನು ನಿನ್ನ ಕಂಪೋಷರ್ ಕಳೆದುಕೊಂಡೆ ಎಂದು ಇಂಗ್ಲಿಷಿನಲ್ಲಿ ಅಂದರು. ಕಳೆದುಕೊಂಡೆ ಎಂಬುದಷ್ಟೇ ನನಗೆ ತಿಳಿಯಿತು. ಗಂಟು ಬಿಚ್ಚಿ ಸಾಮಾನು ನೋಡಿದೆ, ಉಸುಕು ಕೆದರಿದೆ, ಸೆರಗು ಝಾಡಿಸಿದೆ. ಮೇಡಂ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹತ್ತಿರ ಕೂರಿಸಿಕೊಂಡು ಹೇಳಿದರು: ಅದು ಗಂಟಿನಲ್ಲಿ ಇರುವ ವಸ್ತು ಅಲ್ಲ, ಮೈಯೊಳಗೆ ಇರುವುದು. ಅದನ್ನು ಇಟ್ಟುಕೊಳ್ಳಬಹುದು, ಕಳೆದುಕೊಳ್ಳಬಹುದು, ಮತ್ತೆ ಸಿಗಿಸಿಕೊಳ್ಳಬಹುದು. ಇಂಗ್ಲಿಷಿನಲ್ಲಿ ಈ ಮೂರೂ ಮಾತು ಅದರ ಜೊತೆ ಬರುತ್ತವೆ. ನಿನ್ನದು ಈಗ ಹೋಗಿದೆ, ಸಂಜೆಯೊಳಗೆ ಬಂದೀತು, ಎಂದರು.

ಆಹಾ, ಎಂಥ ಶಬ್ದ! ಇಟ್ಟುಕೊಳ್ಳುವುದು, ಕಳೆದುಕೊಳ್ಳುವುದು, ಮತ್ತೆ ಸಿಗಿಸಿಕೊಳ್ಳುವುದು. ಮನಸ್ಸಿನ ವಿಷಯವನ್ನು ಸಾಮಾನಿನ ಹಾಗೆ ಮಾತಾಡುತ್ತಾರಲ್ಲ, ಅದು ನನ್ನ ಜೀವಕ್ಕೆ ಹತ್ತಿರವಾಯಿತು. ಹೊರಲು ಭಾರವಿಲ್ಲ, ಉಪ್ಪುನೀರಿಗೆ ಬಣ್ಣ ಬಿಡುವುದಿಲ್ಲ, ಮಾರಿದರೂ ಖಾಲಿಯಾಗುವುದಿಲ್ಲ. ಇಂಥ ಮಾಲು ಬೇರೆ ಯಾವುದಿದೆ?

ನಮ್ಮಲ್ಲಿ ಅದಕ್ಕೆ ಶಬ್ದವಿಲ್ಲವೇ ಎಂದು ನೀವು ಕೇಳಬಹುದು. ಇವೆ, ನಾನೂ ಯೋಚಿಸಿದ್ದೇನೆ. ತಾಳ್ಮೆ ಇದೆ, ಅದು ಬಸ್ಸಿಗೆ ಕಾಯುವವರ ಮಾತು. ಸಂಯಮ ಇದೆ, ಅದು ವೇದಿಕೆಯ ಮೇಲಿನ ಮಾತು, ಮೈಕಿನಲ್ಲಿ ಕೇಳಲು ಚಂದ. ಸಮಾಧಾನ ಇದೆ, ಎಲ್ಲ ಹೋದ ಮೇಲೆ ಪಕ್ಕದ ಮನೆಯವರು ಬಂದು ಮಾಡಿಕೋ ಅನ್ನುತ್ತಾರೆ. ಕಂಪೋಷರ್ ಬೇಕಾಗುವುದು ವ್ಯವಹಾರದ ನಟ್ಟನಡುವೆ, ಒಳಗೆ ಹಲಗೆ ಬಡಿಯುತ್ತಿರುವಾಗ. ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ನೆನಪಿಡಿ: ಏನೂ ಅನ್ನಿಸದವನಿಗೆ ಕಂಪೋಷರ್ ಇದೆ ಅನ್ನಬಾರದು. ಕೆರೆಯಲ್ಲಿ ಕೂತ ಎಮ್ಮೆ ಸುಮ್ಮನೆ ಕೂತಿರುತ್ತದೆ, ಅಷ್ಟೆ. ಒಳಗೆ ಆಸೆ ಕುದಿಯಬೇಕು, ಹೊರಗೆ ಹಬೆ ಕಾಣಬಾರದು. ಆಗ ಆ ಶಬ್ದ ಬಳಸಬಹುದು.

ಅವತ್ತು ಸಂಜೆ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ತಿರುವುತ್ತ ಕೇಳಿಸಿಕೊಂಡಳು.

"ಇಷ್ಟ ಏನು? ಬಾಯಿ ಮುಚಗೊಂಡ ಕೂಡ್ರೂದಕ್ಕ ಒಂದ ಇಂಗ್ಲಿಷ್ ಬೇಕಾತೇನ ನಿನಗ?"

"ಬಾಯಿ ಮುಚ್ಚೂದಲ್ಲ ಯವ್ವಾ, ಬಾಯಿ ನಗತಿರಬೇಕು."

"ಹಂಗಾರ ನಿಮ್ಮಪ್ಪಗ ಮೊದಲ ಕಲಸು."

ಹೀಗೆ ಅಂದವಳೇ ಆ ಶಬ್ದವನ್ನು ಎಲ್ಲರಿಗಿಂತ ಹೆಚ್ಚು ಬಳಸಿದಳು! ಹಾಲು ಉಕ್ಕಿದರೆ ನಿನ್ನ ಕಂಪೋಷರ್ ಎಲ್ಲಿತ್ತು, ಬಸ್ ತಪ್ಪಿದರೆ ನಿನ್ನ ಕಂಪೋಷರ್ ಎಲ್ಲಿತ್ತು. ಅವಳಿಂದ ದಂಡೆಯ ಹೆಂಗಸರಿಗೆಲ್ಲ ಹಬ್ಬಿತು. ಬಿಸಿಲಲ್ಲಿ ಗಿರಾಕಿ ಸತಾಯಿಸಿದರೆ ಒಬ್ಬಳು ದೂರದಿಂದ ಕೂಗುತ್ತಿದ್ದಳು, "ಏ, ಕಂಪೋಷರ್ ಹಿಡಕೋ, ಬಿಡಬ್ಯಾಡ!" ಗಿರಾಕಿಗೆ ಅದೇನೋ ಕನ್ನಡ ಇರಬೇಕು ಅನ್ನಿಸುತ್ತಿತ್ತು.

ನಾನು ಅದನ್ನು ದುಡಿಸಿಕೊಂಡೆ. ದಂಡೆಯಿಂದ ಓಣಿಗೆ ಬಂದೆ, ಓಣಿಯಲ್ಲಿ ಒಂದು ಬಾಗಿಲಿನ ಅಂಗಡಿ ಹಾಕಿದೆ, ಪರ್ವರಿಯಲ್ಲಿ ಎರಡು ಕೋಣೆಯ ಮನೆ ಮಾಡಿದೆ. ನನ್ನ ಉಪಾಯವನ್ನು ಬಚ್ಚಿಡುವವಳಲ್ಲ ನಾನು, ಬೇಕಾದರೆ ತೆಗೆದುಕೊಳ್ಳಿ. ಮಾರುವಾಗ ಗಿರಾಕಿಯ ಮುಖ ನೋಡಬೇಡಿ, ಮುಖ ಸುಳ್ಳು ಹೇಳುತ್ತದೆ. ಪಾದ ನೋಡಿ. ಬೇಡ ಬೇಡ ಅನ್ನುತ್ತಲೇ ಯಾವ ವಸ್ತುವಿನ ಕಡೆಗೆ ಹೆಬ್ಬೆರಳು ತಿರುಗಿ ನಿಂತಿದೆಯೋ ಅದೇ ಅವರಿಗೆ ಬೇಕಾದದ್ದು. ಕೊಳ್ಳುವಾಗ ಇದರ ಉಲ್ಟಾ ಮಾಡಿ. ಬೇಕಾದ ವಸ್ತುವನ್ನು ಮುಟ್ಟಬೇಡಿ, ಅದರ ಪಕ್ಕದ್ದನ್ನು ಎತ್ತಿಕೊಂಡು ಹೆಸರಿಡಿ. ಕೈ ಎಲ್ಲವನ್ನೂ ಹೇಳಿಬಿಡುತ್ತದೆ, ಆದ್ದರಿಂದ ಕೈಗೆ ಬೇರೆ ಕೆಲಸ ಕೊಟ್ಟಿರಬೇಕು. ಇದನ್ನು ನಾನು ಎಷ್ಟು ಜನಕ್ಕೆ ಕಲಿಸಿದ್ದೇನೋ!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಅಜ್ಜಿಯಾದೆ! ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಮುಷ್ಟಿ ಬಿಗಿಹಿಡಿದು ಹುಟ್ಟಿದ ಕೂಸು, ಕೈಯೊಳಗೆ ಏನೋ ಬಚ್ಚಿಟ್ಟುಕೊಂಡು ಬೆಲೆ ಹೇಳದೆ ಸತಾಯಿಸುವ ಹಾಗೆ. ನಮ್ಮ ಮನೆಯ ಕೂಸೇ, ಅನುಮಾನವಿಲ್ಲ ಅಂದೆ. ತೊಟ್ಟಿಲಿಗೆ ಹಾಕುವ ಕಾರ್ಯವನ್ನು ರವಿವಾರಕ್ಕೆ ಇಟ್ಟುಕೊಂಡೆವು.

ನಮ್ಮ ಕಡೆ ಬಾಣಂತಿಯ ತವರಿನವರು ಕೂಸಿಗೆ ಕುಂಚಿಗೆ ಕೊಡಬೇಕು. ತಲೆಗೆ ಟೊಪ್ಪಿಗೆ, ಅದರಿಂದಲೇ ಬೆನ್ನ ಮೇಲೆ ಇಳಿಬಿದ್ದ ಹೊದಿಕೆ. ಕೂಸಿಗೆ ಗಾಳಿ ತಾಗದಂತೆ, ಕಣ್ಣು ತಾಗದಂತೆ. ನಮ್ಮ ಮನೆಯಲ್ಲಿ ಅದನ್ನು ಅವ್ವನೇ ಹೊಲಿದು, ಅದರ ಮೇಲೆ ಕಸೂತಿ ಹಾಕುತ್ತಿದ್ದಳು. ಕಸೂತಿಯ ಗಮ್ಮತ್ತು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅವ್ವ ಹಾಕುವ ಹೊಲಿಗೆಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಸೂಜಿ ಹೋದ ದಾರಿಯಲ್ಲೇ ತಿರುಗಿ ಬರಬೇಕು. ಬಟ್ಟೆಯ ಮುಂಭಾಗ ಹೇಗೋ ಹಿಂಭಾಗವೂ ಹಾಗೇ ಕಾಣಬೇಕು. ಆದ್ದರಿಂದ ಕಸೂತಿ ಬಲ್ಲವರು ಯಾರ ಕೆಲಸವನ್ನು ನೋಡಿದರೂ ಮೊದಲು ಹಿಂದೆ ತಿರುವಿ ನೋಡುತ್ತಾರೆ. ಮುಂದೆ ನೋಡಿ ಹೊಗಳುವವರು ಬೇರೆ ಜನ.

ಆದರೆ ಅವ್ವನ ಕಣ್ಣಿಗೆ ಈಗ ಮಂಜು ಕವಿದಿದೆ. ಔಷಧಿ ಹಾಕಿಸಿದೆ, ಆಪರೇಷನ್ನೂ ಮಾಡಿಸಿದೆ, ದೃಷ್ಟಿ ಎಷ್ಟು ಬರಬೇಕೋ ಅಷ್ಟು ಬರಲಿಲ್ಲ. ಮಗಳು ಬಸುರಿಯಾದಾಗಿನಿಂದ ಕರೀ ಬಟ್ಟೆಯ ತುಂಡೊಂದನ್ನು ಹಿಡಿದು ಕೂರುತ್ತಿದ್ದಳು. ಹೊಲಿಯುವುದು, ಬೆರಳಿನಿಂದ ಸವರಿ ನೋಡುವುದು, ತಪ್ಪಿದೆ ಎಂದು ಬಿಚ್ಚುವುದು. ಕಡೆಗೆ ಬಟ್ಟೆಯೇ ಜಾಳಾಯಿತು. ನಾನು ಪೇಟೆಯಿಂದ ಮಶೀನಿನದೊಂದು ಕುಂಚಿಗೆ ತಂದುಕೊಟ್ಟೆ. ಅವಳು ತಿರುವಿ, ಒಳಗೆ ಕೈಯಾಡಿಸಿ, ನನ್ನ ಕಡೆಗೆ ತಳ್ಳಿದಳು.

"ಹಿಂದ ನೋಡ ಇಲ್ಲಿ, ಬೇರು ಬಿಟ್ಟಂಗ ಐತಿ. ಇಷ್ಟ ಗಂಟು ಕೂಸಿನ ನೆತ್ತಿಗಿ ಒತ್ತೂದಿಲ್ಲೇನ?"

"ಒಂದ ದಿನದ ಶಾಸ್ತ್ರ ಯವ್ವಾ, ಆಮ್ಯಾಲ ತಗದ ಇಡೂಣು."

"ಶಾಸ್ತ್ರ ಅಂತ ಹೇಳಬ್ಯಾಡ. ಈ ಮನ್ಯಾಗ ಹುಟ್ಟಿದ ಎಲ್ಲಾ ಕೂಸೂ ನನ್ನ ಕೈಯಾಗಿನ ಕುಂಚಿಗಿ ಹಾಕ್ಕೊಂಡಾವು. ಇದೊಂದ ಬರೇ ತಲೀಲೆ ತೊಟ್ಟಲಾ ಏರತೈತಿ."

ನನ್ನ ಮಗಳ ಕುಂಚಿಗೆಯನ್ನಾದರೂ ಹಾಕೋಣವೆಂದರೆ, ಅದು ಬಳಗದ ಕೂಸುಗಳನ್ನೆಲ್ಲ ಸುತ್ತಿ ಬಂದು ಎಂದೋ ಹರಿದು ಚಿಂದಿಯಾಗಿತ್ತು. ನನ್ನದು ಯಾವ ಕಾಲದಲ್ಲೋ ಮನೆ ಬಿಟ್ಟಿತ್ತು. ಅದು ಅವ್ವ ಹೊಲಿದ ಮೊದಲನೆಯದು. ಅವಳ ಕರೀ ಚಂದ್ರಕಾಳಿ ಸೀರೆಯ ಬಟ್ಟೆ, ಅಂಚಿನ ಸುತ್ತ ನವಿಲಿನ ಸಾಲು. ದಂಡೆಯ ಮೇಲೆ ಬಿಸಿಲಿಗೆ ಅದನ್ನು ನನ್ನ ತಲೆಯ ಮೇಲೆ ಹೊದಿಸಿ ಕೂರಿಸುತ್ತಿದ್ದಳಂತೆ. ಮುಂದೆ ನಾನು ದೊಡ್ಡವಳಾದ ಮೇಲೆ ಅದು ಗಂಟಿನ ಅರಿವೆಗಳ ಜೊತೆಗಿತ್ತು. ಒಂದು ದಿನ ಹೊಟ್ಟೆ ಮುಂದೆ ಬಂದ ಪರದೇಶದ ಹೆಂಗಸೊಬ್ಬಳು ಅದನ್ನೇ ಕೇಳಿದಳು. ಬೇರೆ ಏನು ತೋರಿಸಿದರೂ ಒಲ್ಲೆ ಅಂದಳು. ಬಸುರಿ ಬಯಸಿ ಕೇಳಿದ್ದಕ್ಕೆ ನಮ್ಮಲ್ಲಿ ಇಲ್ಲ ಅನ್ನುವುದಿಲ್ಲ. ಅವ್ವ ಕೊಟ್ಟುಬಿಟ್ಟಳು, ಆ ಹೆಂಗಸು ಕೈಗಿಟ್ಟಷ್ಟು ತೆಗೆದುಕೊಂಡಳು. ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಅವ್ವ ಅದಕ್ಕಾಗಿ ಎಂದೂ ಮರುಗಿದವಳಲ್ಲ. ಈಗ ಮಾತ್ರ, ತೊಟ್ಟಿಲು ಹತ್ತಿರ ಬಂದ ಹಾಗೆ, ಬೆರಳು ಗಾಳಿಯಲ್ಲಿ ಹೊಲಿಗೆ ಹಾಕುತ್ತಿತ್ತು.

ಶುಕ್ರವಾರ ಮಾಪ್ಸಾದಲ್ಲಿ ಸಂತೆ. ಗುಗ್ಗರಿಗೆ ಕಡಲೆ, ಬಾಳೆಹಣ್ಣು, ತೊಟ್ಟಿಲಿಗೆ ಕಟ್ಟಲು ಹೂವು, ಎಲ್ಲ ಹೊತ್ತುಕೊಂಡು ಬಸ್ಸಿಗೆಂದು ಹೊರಟೆ. ಬಿಸಿಲು ತಪ್ಪಿಸಲು ಹಳೆಯ ಸಾಮಾನಿನ ಓಣಿಯಲ್ಲಿ ನುಗ್ಗಿದೆ. ಮುರುಕು ಕುರ್ಚಿ, ಕುಂಟು ಗಡಿಯಾರ, ಲಾಂದ್ರ, ಪಿಂಗಾಣಿ. ಒಂದು ಅಂಗಡಿಯ ಹೊಸ್ತಿಲಲ್ಲಿ ಮರದ ರೇಡಿಯೋ. ರೇಡಿಯೋಗೆ ಧೂಳು ಕೂರದಂತೆ ಮೇಲೊಂದು ಕರೀ ಬಟ್ಟೆ.

ಬಟ್ಟೆಯ ಅಂಚಿನಲ್ಲಿ ನವಿಲು.

ನನ್ನ ಕಾಲು ನಿಂತವು. ಎದೆ ಹೊಡೆದುಕೊಂಡ ಸದ್ದು ಆ ರೇಡಿಯೋದಿಂದಲೇ ಬರುತ್ತಿದೆ ಅನ್ನಿಸಿತು! ಕುಂಚಿಗೆ. ಟೊಪ್ಪಿಗೆಯನ್ನು ಒಳಗೆ ಮಡಚಿ ಹಾಸಿದ್ದಾರೆ, ಆದರೂ ನನಗೆ ಗೊತ್ತಾಯಿತು. ಓಡಿಹೋಗಿ ಎತ್ತಿಕೊಳ್ಳಲೇ? ಕಂಪೋಷರ್, ಕಂಪೋಷರ್, ಎಂದು ಒಳಗೇ ಹೇಳಿಕೊಂಡೆ. ಪಾದವನ್ನು ಬೇಕೆಂದೇ ಬೇರೆ ಕಡೆ ತಿರುಗಿಸಿ ನಿಲ್ಲಿಸಿದೆ. ಬಾಳೆಹಣ್ಣಿನ ಚೀಲವನ್ನು ಎಡಗೈಗೆ ಕೊಟ್ಟು ಬಲಗೈಯಲ್ಲಿ ಅಲ್ಲೇ ಇದ್ದ ಹಿತ್ತಾಳೆ ಗಂಟೆಯೊಂದನ್ನು ಎತ್ತಿಕೊಂಡೆ.

ಅಂಗಡಿಯವನು ಹಿಂದಿಯಲ್ಲಿ ಬೆಲೆ ಹೇಳಿದ. ನಾನು ಹಿಂದಿಯಲ್ಲಿ ನಕ್ಕೆ. ಎರಡು ಮಾತು ಆಗುವಷ್ಟರಲ್ಲಿ ಅವನ ಹಿಂದಿಯೊಳಗಿನ ಬಾಗಲಕೋಟೆ ನನಗೂ, ನನ್ನ ಹಿಂದಿಯೊಳಗಿನ ವಿಜಯಪುರ ಅವನಿಗೂ ಕೇಳಿಸಿತು.

"ಅಯ್ಯ, ನಮ್ಮವರ ಏನ್ರಿ ಯಕ್ಕಾ? ಬರ್ರಿ, ಒಳಗ ಬರ್ರಿ. ನಿಮಗಂತ ಕಡಿಮಿ ಮಾಡತೇನಿ."

"ಕಡಿಮಿ ಮಾಡೂದಿರಲಿ ಅಣ್ಣಾರ, ಇದು ಗಂಟಿನೋ, ಅಡಕೊತ್ತಿನೋ? ಸಪ್ಪಳನ ಬರವಲ್ಲದು."

"ನಾಲಿಗಿ ಸಿಕ್ಕೊಂಡೈತ್ರಿ, ಎಣ್ಣಿ ಬಿಟ್ರ ಹಾಡತೈತಿ."

ಚೆನ್ನಾಗಿ ನಡೆಯಿತು. ಗಂಟೆಗೆ ಬೇಕಾದಷ್ಟು ಹೆಸರಿಟ್ಟೆ. ಅವನು ಇಳಿದ, ನಾನು ಏರಿದೆ, ನಡುವೆ ಒಂದು ಕಡೆ ಬಂದು ಕೂತೆವು. ಆಗ ನಾನು ನನ್ನ ಜೀವಮಾನದ ಅತಿ ಸೊಗಸಾದ ಆಟ ಹೂಡಿದೆ. ಬೇಜಾರಿನ ದನಿಯಲ್ಲಿ ಅಂದೆ:

"ಆತು, ಕೊಡ್ರಿ. ಖುಲ್ಲಾ ಹೆಂಗ ಒಯ್ಯಲಿ, ಬಾಳಿಹಣ್ಣ ಜಜ್ಜಿ ಹೋಗತಾವು. ಅಲ್ಲಿ ರೇಡಿಯೋದ ಮ್ಯಾಲ ಅದೇನ ಹಳೀ ಅರಿವಿ ಐತಲ್ಲ, ಅದರಾಗ ಸುತ್ತಿ ಕೊಡ್ರಿ."

ಅವನು "ಹೂನ್ರಿ" ಅಂದು ಎಳೆದು ನನ್ನ ಕೈಗೇ ಎಸೆದ! ನೋಡಿ, ಗೆದ್ದಾಗಿತ್ತು. ಗಂಟೆಯನ್ನು ಸುತ್ತಿ ಚೀಲಕ್ಕೆ ಹಾಕಿ ನಡೆಯುವುದೊಂದೇ ಬಾಕಿ. ಬಟ್ಟೆ ಅಂಗೈ ಮೇಲೆ ಬಿತ್ತು. ಅವ್ವನ ಸೀರೆಯ ಆ ತಣ್ಣನೆಯ ಮೆದುತನ ತಾಗಿತು. ಅಷ್ಟೇ. ನನ್ನ ಕೈ ನನ್ನನ್ನು ಕೇಳದೆ ಅದನ್ನು ತಿರುವಿತು. ಹಿಂಭಾಗ ನೋಡಿತು. ಹೆಬ್ಬೆರಳು ಹೊಲಿಗೆಯ ಮೇಲೆ ಗಂಟು ಹುಡುಕುತ್ತ ಹೋಯಿತು.

ಅಂಗಡಿಯವನ ಮುಖದ ನಗೆ ನಿಂತಿತು.

"ಯಕ್ಕಾ," ಅಂದ ಮೆಲ್ಲಗೆ, "ಗಂಟಿ ಸುತ್ತೋ ಅರಿವಿನ ಯಾರೂ ಹಿಂದ ತಿರುವಿ ನೋಡೂದಿಲ್ರಿ. ನಮ್ಮ ಮನ್ಯಾಗೂ ಕಸೂತಿ ಹಾಕತಾರ. ಇಲ್ಲಿ ಕೊಡ್ರಿ."

ನನ್ನ ಕೈಯಿಂದ ತೆಗೆದುಕೊಂಡ. ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು, ಮುಂದೆ ನೋಡಿದ, ಹಿಂದೆ ನೋಡಿದ. ಆಮೇಲೆ ಬೆಲೆ ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಬೆಲೆಗೆ ರೇಡಿಯೋ, ಗಡಿಯಾರ, ಅವನ ಕುರ್ಚಿ, ಜೊತೆಗೆ ಅವನನ್ನೂ ಕೊಳ್ಳಬಹುದಿತ್ತು.

ಆಗ ಹೋಯಿತು ನೋಡಿ ನನ್ನ ಕಂಪೋಷರ್! ಹರೆಯದಲ್ಲಿ ಉಸುಕಿನ ಮೇಲೆ ಹೋಗಿದ್ದು ಇದರ ಮುಂದೆ ಏನೂ ಅಲ್ಲ.

"ಅದು ನಂದು! ನಾ ಹುಟ್ಟಿದಾಗ ನಮ್ಮವ್ವ ಹೊಲದದ್ದು! ರೇಡಿಯೋಕ್ಕ ಹೊಚ್ಚಾಕ ನಾಚಿಗಿ ಆಗೂದಿಲ್ಲೇನ ನಿಮಗ?"

ಓಣಿಗೆ ಓಣಿಯೇ ತಿರುಗಿತು. ಅವನು ಮಾತ್ರ ತಣ್ಣಗೆ ನಿಂತಿದ್ದ. ಕಂಪೋಷರ್ ಅಂದರೆ ಅದು, ನನ್ನದೇ ಮಾಲು ಅವನ ಕೈಯಲ್ಲಿ.

"ಇಲ್ಲಿ ಬರೋರೆಲ್ಲಾ ಹಿಂಗ ಅಂತಾರ್ರಿ. ಮೊನ್ನಿ ಒಬ್ಬಾಂವ ಆ ಗಡಿಯಾರ ನಮ್ಮಜ್ಜಂದು ಅಂತ ಅತ್ತಾ. ಅದನ್ನ ನಾ ಹೋದ ವರ್ಷ ಹುಬ್ಬಳ್ಳ್ಯಾಗ ತಂದದ್ದು."

ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಎದ್ದು ಹೋಗುವುದು ಚೌಕಾಶಿಯಲ್ಲಿ ಹಳೆಯ ಪಟ್ಟು. ಹಿಂದಿನಿಂದ ಕರೆಯುತ್ತಾರೆ ಎಂದು ಕಿವಿಯನ್ನು ಅಲ್ಲೇ ಬಿಟ್ಟು ಹೋಗಬೇಕು. ಆದರೆ ಅವತ್ತು ನನ್ನದು ಪಟ್ಟಲ್ಲ, ಖರೆ ಸಿಟ್ಟು. ಅವನೂ ಕರೆಯಲಿಲ್ಲ.

ಓಣಿಯ ತುದಿಯಲ್ಲಿ ಕಬ್ಬಿನ ಹಾಲಿನ ಗಾಡಿ. ಒಂದು ಗ್ಲಾಸು ತೆಗೆದುಕೊಂಡು ನಿಂತೆ. ಗಾಣದ ಗೆಜ್ಜೆ ಛಲ್ ಛಲ್ ಅನ್ನುತ್ತಿತ್ತು. ನಾಡಿದ್ದು ರವಿವಾರ. ಅವ್ವ ಮನೆಯಲ್ಲಿ ಕೂತು ಕಾಣದ ಕಣ್ಣಿನಿಂದ ಏನನ್ನು ನೋಡುತ್ತಿದ್ದಾಳೋ. ಸಿಟ್ಟು ಮಾಡಿ ಹೋದ ಗಿರಾಕಿ ತಾನಾಗಿ ತಿರುಗಿ ಬಂದರೆ ಬೆಲೆ ಇಮ್ಮಡಿ ಎಂದು ಊರಿಗೆಲ್ಲ ಪಾಠ ಹೇಳಿದವಳು ನಾನು. ಆ ಮಾತು ಈಗಲೂ ನಿಜ, ನೀವು ಪಾಲಿಸಿ. ಆದರೆ ಮೇಡಂ ಹೇಳಿದ ಮೂರನೆಯ ಮಾತು ನೆನಪಾಯಿತು. ಅದು ಮತ್ತೆ ಸಿಗುತ್ತದೆ. ಎಲ್ಲಿ ಸಿಗುತ್ತದೆ? ಕಳೆದ ಜಾಗದಲ್ಲೇ ಹುಡುಕಬೇಕಲ್ಲ! ಗ್ಲಾಸು ಇಟ್ಟೆ, ಸೆರಗಿನಿಂದ ಮುಖ ಒರೆಸಿಕೊಂಡೆ, ತಿರುಗಿ ನಡೆದೆ.

ಅವನು ಕುಂಚಿಗೆಯನ್ನು ರೇಡಿಯೋ ಮೇಲೆ ಹಾಕಿರಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ನಾನು ಎದುರಿನ ಸ್ಟೂಲಿನ ಮೇಲೆ ಕುಳಿತೆ.

"ಅಣ್ಣಾರ, ಆಗಲೇ ಬಾಯಿ ಮಾಡಿದೆ. ಈಗ ಹಂಗ ಮಾಡೂದಿಲ್ಲ. ಅರಿವಿ ನಿಮ್ಮ ಕೈಯಾಗ ಇರಲಿ, ನಾ ಮುಟ್ಟೂದಿಲ್ಲ. ಗುರುತು ಹೇಳತೇನಿ, ನೀವ ನೋಡ್ರಿ."

"ಹೇಳ್ರಿ ನೋಡೂಣು."

"ನವಿಲು ಎಲ್ಲಾ ಸಾಲಾಗಿ ಒಂದ ಕಡೆ ಹೊಂಟಾವು. ಒಂದ ಮಾತ್ರ ತಿರುಗಿ ನಿಂತೈತಿ. ಕೂಸಿಗಿ ದೃಷ್ಟಿ ಆಗಬಾರದಂತ ನಮ್ಮವ್ವ ಬೇಕಂತ ಮಾಡಿದ್ದು. ಕಾಡಿಗಿ ಬೊಟ್ಟು ಅಳಿಸಿ ಹೋಗತೈತಿ, ಇದು ಅಳಿಸೂದಿಲ್ಲ ಅಂತಿದ್ಲು. ಹೊರಗ ಕಾಣೂದಿಲ್ಲ. ಕಿವಿ ಮ್ಯಾಲಿನ ಮಡಿಕಿ ಒಳಗ ನೋಡ್ರಿ."

ಅವನು ನನ್ನನ್ನು ಒಮ್ಮೆ ನೋಡಿದ. ಕುಂಚಿಗೆಯನ್ನು ಬೆಳಕಿಗೆ ಹಿಡಿದ. ಒಂದು ಕಿವಿಯ ಮಡಿಕೆ ಬಿಡಿಸಿದ, ಏನೂ ಇಲ್ಲ. ಅವ್ವ ಹೇಳಿದ್ದು ಕೇಳಿದ್ದೆನೇ ಹೊರತು ನಾನು ಆ ನವಿಲನ್ನು ಕಂಡ ನೆನಪಿರಲಿಲ್ಲ! ಎರಡನೆಯ ಕಿವಿ. ಅಲ್ಲಿ ಹೊಲಿಗೆ ಒತ್ತಾಗಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿ, ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ತಂದ.

"ಏ! ಏ ಏ ಏ!" ಎಂದು ಎದ್ದ. ಮೇಲೆ ತೂಗುಹಾಕಿದ್ದ ಲಾಂದ್ರಕ್ಕೆ ತಲೆ ಢಣ್ಣೆಂದಿತು. ಅದೂ ಅವನಿಗೆ ಲೆಕ್ಕವಿಲ್ಲ. "ಐತಿ! ಐತ್ರಿ ಯಕ್ಕಾ! ತಿರುಗಿ ನಿಂತೈತಿ ನೋಡ್ರಿ ಹುಚ್ಚ ನವಿಲು! ಏ, ಇಲ್ಲಿ ಬಾರೋ ಮಾರಾಯಾ!" ಎಂದು ಪಕ್ಕದ ಗಡಿಯಾರ ರಿಪೇರಿಯವನನ್ನು ಕರೆದ. ಅವನು ಕೊಂಕಣಿಯಲ್ಲಿ ಏನಾಯಿತು ಎಂದು ಕೇಳಿದರೆ ಇವನು ಕನ್ನಡದಲ್ಲೇ ನವಿಲಿನ ಕಥೆ ಹೇಳಿದ. ಅವನು ಅರ್ಥವಾಗದೆಯೂ ಸಂತೋಷಪಟ್ಟ.

ನಾನು ಸ್ಟೂಲಿನ ಮೇಲೆ ಕದಲದೆ ಕುಳಿತಿದ್ದೆ. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ನೆಟ್ಟಗಿತ್ತು.

"ಅಣ್ಣಾರ, ಕಂಪೋಷರ್."

"ಹಂಗಂದ್ರ?"

"ಆಮ್ಯಾಲ ಹೇಳತೇನಿ. ಮೊದಲ ಬೆಲಿ ಹೇಳ್ರಿ."

ಅವನು ಕುಳಿತ, ತಲೆ ಸವರಿಕೊಂಡ. ಅದು ಅವನಿಗೆ ಸಿಕ್ಕದ್ದು ಶಿವೊಲಿಯ ಕಡೆ ಪರದೇಶದವರು ಖಾಲಿ ಮಾಡಿದ ಮನೆಯಲ್ಲಂತೆ. ಆ ಮನೆಯಲ್ಲೇ ಹುಟ್ಟಿ ಬೆಳೆದ ಮಗಳು, ಈಗ ನಡುವಯಸ್ಸಿನವಳು, ತಾಯಿಯ ಸಾಮಾನನ್ನೆಲ್ಲ ಒಟ್ಟಿಗೆ ಮಾರಿ ಊರು ಬಿಟ್ಟಳಂತೆ. ಅಂದರೆ ಅಂದಿನ ಆ ಬಸುರಿಯ ಹೊಟ್ಟೆಯೊಳಗಿದ್ದ ಕೂಸು! ಅದೂ ಇದರೊಳಗೆ ತಲೆ ತೂರಿಸಿ ಬೆಳೆದದ್ದೇ. ಅದೆಲ್ಲ ಹೇಳಿ ಅವನು ಒಂದು ಬೆಲೆ ಹೇಳಿದ. ಮೊದಲಿನದಕ್ಕಿಂತ ಎಷ್ಟೋ ಕಡಿಮೆ, ಆದರೆ ಧರ್ಮಕ್ಕೇನೂ ಅಲ್ಲ. ಅಂಗಡಿ ಇಟ್ಟವನು, ಅವನಿಗೂ ಮನೆಯಿದೆ.

"ಆತು," ಅಂದೆ.

ಅವನ ಮುಖ ಬಾಡಿತು.

"ಆತು ಅಂದ್ರ?"

"ಆತು ಅಂದ್ರ ಆತು. ಕಟ್ಟ್ರಿ."

"ಇದೇನ್ರಿ ಯಕ್ಕಾ, ಒಮ್ಮಿಗೇ ಆತು ಅಂದ್ರ ಹೆಂಗ? ನಾ ಎಲ್ಲೆ ಕಡಿಮಿ ಹೇಳಿದೆನೋ ಅಂತ ಊಟ ಸೇರಂಗಿಲ್ಲ ನನಗ. ಚೌಕಾಶಿ ಮಾಡ್ರಿ! ಅರ್ಧಾ ತಾಸು ಆ ಮುರುಕ ಗಂಟಿಗಿ ಬಡದಾಡಿದ್ರಿ, ಇದಕ್ಕ ಒಂದ ಮಾತ ಆಡೂದಿಲ್ಲೇನು?"

ಖರೆ ಹೇಳುತ್ತೇನೆ, ಅವನ ನೋವು ನನಗೆ ತಿಳಿಯಿತು. ಹೇಳಿದ ಬೆಲೆಗೆ ಮರುಮಾತಿಲ್ಲದೆ ಕೊಟ್ಟು ಹೋಗುವ ಗಿರಾಕಿ ನನಗೂ ದುಃಖ ಕೊಡುತ್ತಾನೆ. ಸರಿ, ಸೀರೆ ಸರಿಮಾಡಿಕೊಂಡು ಕುಳಿತೆ. ಆದರೆ ಅವ್ವನ ಕೆಲಸಕ್ಕೆ ಹೆಸರಿಡಲು ಬಾಯಿ ಬರಲಿಲ್ಲ. ಅವನ ಧೂಳಿಗೆ ಹೆಸರಿಟ್ಟೆ, ನುಸಿಗುಳಿಗೆಯ ವಾಸನೆಗೆ ಹೆಸರಿಟ್ಟೆ, ರೇಡಿಯೋ ಮೇಲಿಟ್ಟದ್ದಕ್ಕೆ ನವಿಲುಗಳಿಗೆ ಆದ ಅವಮಾನಕ್ಕೆ ಬೆಲೆ ಕಟ್ಟಿದೆ. ಅವನು ಲಾಂದ್ರ ತಾಗಿದ ತಲೆಯನ್ನು ತೋರಿಸಿ ಅದರ ಔಷಧಿ ಖರ್ಚು ಸೇರಿಸಿದ. ಗಡಿಯಾರದವನು ನಡುವೆ ನಿಂತು ಇಬ್ಬರಿಗೂ ಚಹಾ ತರಿಸಿದ. ಅಂಥ ಚೌಕಾಶಿಯನ್ನು ನಾನು ಈವರೆಗೆ ಮಾಡಿಲ್ಲ! ಕಡೆಗೆ ಅವನು ಸ್ವಲ್ಪ ಇಳಿದ, ಗಂಟೆಯನ್ನು ಮೇಲೆ ಕೊಸರಿಗೆ ಹಾಕಿದ. "ತೊಟ್ಟಲಕ್ಕ ಕಟ್ಟ್ರಿ. ಎಣ್ಣಿ ಮಾತ್ರ ಮರೀಬ್ಯಾಡ್ರಿ."

ಬಸ್ಸಿನಲ್ಲಿ ಚೀಲವನ್ನು ಎದೆಗೆ ಅವಚಿಕೊಂಡು ಬಂದೆ. ಅವ್ವ ಬಾಗಿಲಲ್ಲಿ ಕಾಲು ಚಾಚಿ, ಮೊರದಲ್ಲಿ ಕಡಲೆ ಆರಿಸುತ್ತಿದ್ದಳು. ಕಣ್ಣಲ್ಲ, ಬೆರಳು ಆರಿಸುತ್ತಿದ್ದವು. ಕುಂಚಿಗೆಯನ್ನು ಅವಳ ಮಡಿಲಿಗೆ ಹಾಕಿದೆ.

"ಮತ್ತ ಯಾವ ಪ್ಯಾಟಿ ಮಾಲ ತಂದೀ," ಎಂದು ಬೇಸರದಿಂದ ಎತ್ತಿಕೊಂಡಳು. ಹಿಂದೆ ತಿರುವಿದಳು. ಹೆಬ್ಬೆರಳು ಹೊಲಿಗೆಯ ಮೇಲೆ ಹೋಯಿತು. ನಿಂತಿತು. ಮತ್ತೆ ಹೋಯಿತು. ಮೊರ ಪಕ್ಕಕ್ಕೆ ಸರಿದು ಕಡಲೆ ನೆಲವೆಲ್ಲ ಚೆಲ್ಲಿದವು, ಅವಳಿಗೆ ಗೊತ್ತಾಗಲಿಲ್ಲ. ಬೆರಳು ಕಿವಿಯ ಮಡಿಕೆಯೊಳಗೆ ತೂರಿತು. ಸುಮಾರು ಹೊತ್ತು ಅಲ್ಲೇ ಇತ್ತು.

"ಎಷ್ಟ ಕೊಟ್ಟಿ?" ಅಂದಳು ಕಡೆಗೆ.

ಹೇಳಿದೆ.

"ಅಷ್ಟ! ನನ್ನ ಅರಿವಿಗೆ, ನನ್ನ ಮಗಳಾಗಿ, ಅಷ್ಟ ಕೊಟ್ಟ ಬಂದಿ? ಎಲ್ಲಿ ಇಟ್ಟಿದ್ದಿ ನಿನ್ನ ಕಂಪೋಷರ್?"

ಬೈಯುತ್ತಲೇ ಇದ್ದಳು. ಕುಂಚಿಗೆಯನ್ನು ಮಾತ್ರ ಮಡಿಲಿನಿಂದ ಇಳಿಸಲಿಲ್ಲ.

ರವಿವಾರ ಅದನ್ನು ತೊಳೆದು, ಒಣಗಿಸಿ, ಕೂಸಿಗೆ ಹಾಕಿದೆವು. ಗಂಟೆಗೆ ಎಣ್ಣೆ ಬಿಟ್ಟಿದ್ದೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಅದು ಹಾಡಿತು. ಹೆಂಗಸರು ಜೋಗುಳ ಎತ್ತಿದರು. ಕೂಸು ತೊಟ್ಟಿಲಲ್ಲಿ ಮಲಗಿ ಒಂದು ಗಳಿಗೆ ಎಲ್ಲರನ್ನೂ ಅಳೆದು ನೋಡಿತು, ಆಮೇಲೆ ಮುಷ್ಟಿ ಆಡಿಸಿ ಮನೆ ಹಾರಿಹೋಗುವ ಹಾಗೆ ಕಿರುಚಿತು. ಮಗಳು ಗಾಬರಿಯಾಗಿ ಎತ್ತಿಕೊಳ್ಳಲು ಬಾಗಿದಳು.

"ಇರಲಿ ಬಿಡು," ಎಂದಳು ಅವ್ವ, ಬೆರಳಿನಿಂದ ಆ ತಿರುಗಿದ ನವಿಲನ್ನು ಹುಡುಕಿ ಹಿಡಿದುಕೊಂಡು. "ಒದರಲಿ. ಈಕಿಗಿ ಯಾಕ ಬೇಕ ಈಗಿಂದೀಗ ಕಂಪೋಷರ್?"